ಒಳಪೆಟ್ಟಿಗೂ ದಾಖಲೆ ಇರಲಿ

ಮಾನ್ಯರೆ,

ದಾವಣಗೆರೆ–ಚಿತ್ರದುರ್ಗ ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಗಳಲ್ಲಿ ಬೈಕ್ ಸವಾರರು ಬಿದ್ದಾಗ, ರಕ್ತ ಕಾಣದಿದ್ದರೆ ಸ್ಥಳದಲ್ಲೇ ರಾಜಿ ಮಾಡಿಸಿ, ಔಷಧಿ ಖರ್ಚಿಗೆಂದು ಒಂದಿಷ್ಟು ಹಣ ಕೊಡಿಸಿ ಕಳುಹಿಸುವುದು ರೂಢಿಯಾಗಿದೆ. ಒಳಪೆಟ್ಟು ತಿಂದವರಿಗೆ ಈ ರಾಜಿಯೇ ಮುಂದೆ ಮುಳುವಾಗುತ್ತಿದೆ.

ಎಪಿಎಂಸಿಯಲ್ಲಿ ಹಮಾಲಿ ಮಾಡುವ ನಮ್ಮ ಬಡಾವಣೆಯವರೊಬ್ಬರಿಗೆ ಕಾರು ತಾಗಿ ಬಿದ್ದಾಗ ಬೈಕಿನ ಹ್ಯಾಂಡಲ್ ಹೊಟ್ಟೆಗೆ ಬಡಿದಿತ್ತು. ಹೊರಗೆ ಕಂಡದ್ದು ಮೊಣಕೈ ತರಚಿದ್ದು ಮಾತ್ರ. ಟಿಟಿ ಇಂಜೆಕ್ಷನ್ ಹಾಕಿ ನೋವಿನ ಮಾತ್ರೆ ಬರೆದುಕೊಟ್ಟ ಚೀಟಿಯಲ್ಲಿ ಅಪಘಾತದ ಪ್ರಸ್ತಾಪವೇ ಇರಲಿಲ್ಲ. ಕೆಲವು ದಿನಗಳ ಬಳಿಕ ಎಡ ಪಕ್ಕೆಯ ಕೆಳಗೆ ನೋವು ಹೆಚ್ಚಿ, ತಲೆಸುತ್ತಿ ಬಿದ್ದು, ಸ್ಕ್ಯಾನಿಂಗ್ ಮಾಡಿಸಿದಾಗ ಗುಲ್ಮ (ಹೊಟ್ಟೆಯ ಎಡಭಾಗದಲ್ಲಿರುವ ಅಂಗ, ಸ್ಪ್ಲೀನ್) ಹರಿದಿರುವುದು ತಿಳಿಯಿತು, ಅದನ್ನು ತೆಗೆಯಬೇಕಾಯಿತು. ಅದೇ ಅಪಘಾತದಿಂದ ಹೀಗಾಯಿತೆನ್ನಲು ಸಾಕ್ಷಿ ಏನು ಎಂದು ವಿಮಾ ಕಂಪನಿಯವರು ಈಗ ಕೇಳುತ್ತಿದ್ದಾರೆ.

ಗುಲ್ಮದ ರಕ್ತಸ್ರಾವ ದಿನಗಳ ನಂತರವೂ, ವಯಸ್ಸಾದವರಲ್ಲಿ ಮತ್ತು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ ತಲೆಬುರುಡೆಯೊಳಗಿನ ರಕ್ತಸ್ರಾವ ವಾರಗಳ ನಂತರವೂ ಕಾಣಿಸಿಕೊಳ್ಳಬಹುದೆಂಬುದು ವೈದ್ಯರಿಗೆ ಹೊಸ ವಿಷಯವೇನಲ್ಲ. ಆದರೂ ಮೊದಲ ದಿನ ಕಂಡಷ್ಟನ್ನೇ ನೋಡಿ 'ಸಾಮಾನ್ಯ ಗಾಯ' ಎಂದು ಪ್ರಮಾಣಪತ್ರ ಕೊಡಲಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಪ್ರಕಾರ 15 ದಿನ ತೀವ್ರ ನೋವು ಅನುಭವಿಸಿದರೂ, ನಿತ್ಯದ ಕೆಲಸ ಮಾಡಲಾಗದಿದ್ದರೂ ಅದು ಗಂಭೀರ ಗಾಯವೇ. ಅದನ್ನು ಮೊದಲ ದಿನವೇ ನಿರ್ಧರಿಸುವುದಾದರೂ ಹೇಗೆ?

ಪೊಲೀಸರು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕೆಂಬ ನಿಯಮ 2022ರ ಏಪ್ರಿಲ್‌ನಿಂದ ಇದೆ. ಮೋಟಾರು ವಾಹನ ಕಾಯ್ದೆಯ 166(3)ರಲ್ಲಿ ಪರಿಹಾರದ ಅರ್ಜಿಗೆ 6 ತಿಂಗಳ ಗಡುವೂ ಇದೆ. ರಾಜಿಯಾಗಿ ಠಾಣೆಯ ಮೆಟ್ಟಿಲನ್ನೇ ಹತ್ತದವರಿಗೆ ಆ ವರದಿ ದಕ್ಕುವುದಿಲ್ಲ, ಆದರೆ ಗಡುವು ಮಾತ್ರ ಓಡುತ್ತಿರುತ್ತದೆ.

ಗುಲ್ಮ ಕಳೆದುಕೊಂಡವರ ಕೈಕಾಲು ನೆಟ್ಟಗೇ ಇರುತ್ತವೆ, ನಿಜ. ಆದರೆ ಮೆಕ್ಕೆಜೋಳದ ಮೂಟೆ ಹೊರುವವರ ಗಳಿಕೆಗೆ ಬಿದ್ದ ಹೊಡೆತವನ್ನು ಅವರ ಕಸುಬಿನಿಂದಲೇ ಅಳೆಯಬೇಕಾಗುತ್ತದೆ. 2010ರ ರಾಜ್‌ಕುಮಾರ್–ಅಜಯ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ.

ಆದ್ದರಿಂದ ಎರಡೂ ಜಿಲ್ಲೆಗಳ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ, ರಸ್ತೆ ಅಪಘಾತದಿಂದ ಬಂದವರಿಗೆ ಹೊರಗಾಯ ಇರಲಿ ಬಿಡಲಿ, ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಿ, ದೇಹದ ಯಾವ ಭಾಗಕ್ಕೆ ಏನು ಬಡಿಯಿತೆಂಬುದನ್ನೂ ಬರೆದು, ಮರುಪರೀಕ್ಷೆಯ ದಿನಾಂಕ ಕೊಟ್ಟು, ಆಮೇಲೆ ಪತ್ತೆಯಾದ ಒಳಪೆಟ್ಟಿಗೆ ಪೂರಕ ಗಾಯದ ಪ್ರಮಾಣಪತ್ರ ನೀಡುವಂತೆ ಜಿಲ್ಲಾಡಳಿತಗಳು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

– ಓದುಗ, ದಾವಣಗೆರೆ