ಸ್ಟೋರ್ಸ್‌ನವರ ಜೇಬಿನ ಪುಸ್ತಕ

ತುಮಕೂರು

ಚಿ. ಸೌ. ಪುಟ್ಟಿಗೆ ಮಾವನ ಆಶೀರ್ವಾದಗಳು. ನಾವಿಲ್ಲಿ ಎಲ್ಲರೂ ಕ್ಷೇಮ. ನೀವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ.

ಮಾಚೇನಹಳ್ಳಿಯ ನಿಮ್ಮ ಕಬ್ಬಿಣ ಎರಕದ ಫೌಂಡ್ರಿಗೆ ಇಆರ್‌ಪಿ, ಅಂದರೆ ಸ್ಟೋರ್ಸ್, ಪರ್ಚೇಸ್, ಅಕೌಂಟ್ಸ್ ಎಲ್ಲದರ ಲೆಕ್ಕವನ್ನು ಒಂದೇ ಕಡೆ ಇಡುವ ಸಾಫ್ಟ್‌ವೇರ್, ತರುತ್ತಿದ್ದಾರೆ, ಅದರ ಜವಾಬ್ದಾರಿಯನ್ನು ನಿನಗೆ ಒಪ್ಪಿಸಿದ್ದಾರೆ ಎಂದು ಅಕ್ಕ ಹೇಳಿದಳು. ತುಂಬಾ ಸಂತೋಷವಾಯಿತು. "ನಿನಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತೆ, ನೀನೇ ನೋಡ್ಕೋ" ಎಂದು ನಿಮ್ಮ ಎಂ.ಡಿ. ಹೇಳಿದರಂತೆ. ಆ ಮಾತು ಕೇಳಿದ ಮೇಲೆ ನನಗೆ ಸ್ವಲ್ಪ ಕಳವಳ ಶುರುವಾಯಿತು. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಸುಮ್ಮನಾಗದೆ, ಕೂತು ಬರೆಯುತ್ತಿದ್ದೇನೆ. ಪೀಣ್ಯದಲ್ಲಿ 31 ವರ್ಷ ಸ್ಟೋರ್ಸ್ ಮತ್ತು ಪರ್ಚೇಸ್ ನೋಡಿಕೊಂಡವನು ನಾನು. ಈ ಕೆಲಸದಲ್ಲಿ ಕಂಪ್ಯೂಟರಿನ ಪಾಲು ಕಡಿಮೆ. ಜನರ ಪಾಲೇ ಜಾಸ್ತಿ.

ನಿನ್ನ ಮದುವೆಗೆ ಮುಂಚೆ ಅಡುಗೆ ಭಟ್ಟರು ಬಂದು ಪಡಸಾಲೆಯಲ್ಲಿ ಕೂತು ಸಾಮಾನಿನ ಪಟ್ಟಿ ಬರೆಸಿದ್ದು ನೆನಪಿದೆಯಾ? ಮೊದಲು ಎಷ್ಟು ಎಲೆ ಎಂದು ಕೇಳಿದರು. ಆಮೇಲೆ ಏನೇನು ಅಡುಗೆ ಎಂದು ಕೇಳಿದರು. ಒಂದೊಂದು ಅಡುಗೆಗೂ ಎಷ್ಟು ಬೇಳೆ, ಎಷ್ಟು ತುಪ್ಪ, ಎಷ್ಟು ಬೆಲ್ಲ ಎಂದು ಬಾಯಲ್ಲೇ ಲೆಕ್ಕ ಹಾಕಿದರು. ಮನೆಯಲ್ಲಿ ಏನಿದೆ ಎಂದು ಕೇಳಿ ಅದನ್ನು ಕಳೆದರು. ಬೇಳೆ ಒಂದು ವಾರ ಮುಂಚೆ ತರಿಸಿ, ತೆಂಗಿನಕಾಯಿ ಎರಡು ದಿನ ಮುಂಚೆ ಸಾಕು, ಎಲೆ ಮತ್ತು ಹಾಲು ಅವತ್ತೇ ಬರಲಿ ಎಂದರು. ಇಆರ್‌ಪಿಯ ಬೇರು ಇದೇ ಲೆಕ್ಕ. ಎಷ್ಟು ಎಲೆ ಎನ್ನುವುದು ಆರ್ಡರ್. ಯಾವ ಅಡುಗೆಗೆ ಏನೇನು ಬೇಕು ಎನ್ನುವುದು ಬಿಒಎಂ. ಮನೆಯಲ್ಲಿರುವುದು ಸ್ಟಾಕ್. ಎಷ್ಟು ದಿನ ಮುಂಚೆ ಹೇಳಬೇಕು ಎನ್ನುವುದು ಲೀಡ್ ಟೈಮ್.

1960ರ ದಶಕದಲ್ಲಿ ಅಮೆರಿಕದಲ್ಲಿ ಜೋಸೆಫ್ ಆರ್ಲಿಕಿ ಎಂಬ ಎಂಜಿನಿಯರ್ ಈ ಲೆಕ್ಕವನ್ನು ಕಂಪ್ಯೂಟರಿಗೆ ಹೊಂದಿಸಿದರು. 1964ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಅದನ್ನು ಮೊದಲು ಬಳಸಿತು. ಅದಕ್ಕೆ ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್) ಎಂಬ ಹೆಸರು ಬಂತು. ಪೊಟ್ಟಣದ ಮೇಲೆ ಬೆಲೆಯ ಜೊತೆ ಬರೆದಿರುತ್ತದಲ್ಲ, ಆ ಎಂಆರ್‌ಪಿ ಬೇರೆ. 1972ರಲ್ಲಿ ಐಬಿಎಂ ಬಿಟ್ಟು ಬಂದ ಐವರು ಜರ್ಮನಿಯಲ್ಲಿ ಎಸ್‌ಎಪಿ ಶುರು ಮಾಡಿದರು. ಒಂದು ವಿಷಯವನ್ನು ಒಂದೇ ಸಲ ಬರೆಯಬೇಕು, ಬರೆದ ತಕ್ಷಣ ಅದು ಸ್ಟೋರ್ಸ್, ಪರ್ಚೇಸ್, ಅಕೌಂಟ್ಸ್ ಎಲ್ಲರಿಗೂ ಕಾಣಬೇಕು ಎನ್ನುವುದು ಅವರ ದಾರಿ. ಎಂಆರ್‌ಪಿಯಿಂದ ಬೆಳೆದ ಇಂಥ ಸಾಫ್ಟ್‌ವೇರ್‌ಗೆ ಇಆರ್‌ಪಿ ಎಂಬ ಹೆಸರನ್ನು 1990ರಲ್ಲಿ ಗಾರ್ಟ್‌ನರ್ ಕಂಪನಿಯವರು ಇಟ್ಟರು. ಚರಿತ್ರೆ ಇಷ್ಟು ಗೊತ್ತಿದ್ದರೆ ಸಾಕು.

ಭಟ್ಟರಿಗೆ ಅಕ್ಕ "ಮನೆಯಲ್ಲಿ ಹತ್ತು ಕೆಜಿ ತುಪ್ಪ ಇದೆ" ಎಂದಳು. ಡಬ್ಬದಲ್ಲಿ ನಾಲ್ಕೇ ಕೆಜಿ ಇದ್ದಿದ್ದರೆ? ಭಟ್ಟರ ಲೆಕ್ಕ ಎಷ್ಟು ಸರಿಯಿದ್ದರೂ ಹೋಳಿಗೆಗೆ ತುಪ್ಪ ಸಾಲುತ್ತಿರಲಿಲ್ಲ. ನಮ್ಮ ಕಾರ್ಖಾನೆಗೆ ಮೊದಲ ಸಲ ಇಆರ್‌ಪಿ ತಂದಾಗ ಆಗಿದ್ದು ಇದೇ. ಅದನ್ನು ನಿನಗೆ ಪೂರ್ತಿ ಹೇಳಬೇಕು.

ಆಗ ನಾನು ಸ್ಟೋರ್ಸ್ ಮ್ಯಾನೇಜರ್. ಕನ್ಸಲ್ಟೆಂಟ್ ಹುಡುಗರು ಆರು ತಿಂಗಳು ಮಹಡಿಯ ಕಾನ್ಫರೆನ್ಸ್ ರೂಮಿನಲ್ಲಿ ಕೂತರು. ನಾನೂ ಅವರ ಜೊತೆ ಕೂತೆ. ಕೆಳಗೆ ಸ್ಟೋರ್ಸ್ ಕೌಂಟರಿನಲ್ಲಿ ಒಬ್ಬ ಹಿರಿಯರು ಇದ್ದರು. ಓದಿದ್ದು ಏಳನೇ ಕ್ಲಾಸು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಪುಸ್ತಕ. ರಾತ್ರಿ ಪಾಳಿಯಲ್ಲಿ ಸ್ಲಿಪ್ ಇಲ್ಲದೆ ಯಾರು ಬೇರಿಂಗ್ ಒಯ್ದರು, ಯಾವ ಸಾಮಾನು ಪಕ್ಕದ ಯೂನಿಟ್‌ಗೆ ಕೈಬದಲು ಹೋಗಿದೆ, ಯಾವ ಸಪ್ಲೈಯರ್ ಡಬ್ಬದ ಮೇಲೆ 100 ಎಂದು ಬರೆದು 96 ಹಾಕುತ್ತಾರೆ, ಎಲ್ಲ ಅದರಲ್ಲಿ ಇತ್ತು. ಅವರನ್ನು ಯಾರೂ ಮಹಡಿಗೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಓಪನಿಂಗ್ ಸ್ಟಾಕ್, ಅಂದರೆ ಶುರುವಿನ ದಾಸ್ತಾನಿನ ಲೆಕ್ಕ, ಅದನ್ನು ಹಳೆಯ ಕಂಪ್ಯೂಟರಿನಿಂದ ಹಾಗೇ ಎತ್ತಿ ಹೊಸದಕ್ಕೆ ಹಾಕಿದೆವು. ಎಣಿಸಲು ಪುರುಸೊತ್ತಿಲ್ಲ ಎಂದರು, ನಾನು ಒಪ್ಪಿದೆ. ಏಪ್ರಿಲ್ 1ಕ್ಕೆ ಗೋ-ಲೈವ್, ಅಂದರೆ ಹೊಸ ಸಿಸ್ಟಮ್ ಚಾಲೂ. ಎರಡನೇ ವಾರದಲ್ಲೇ ಒಂದು ಆಯಿಲ್ ಸೀಲ್ ಸಿಸ್ಟಮ್‌ನಲ್ಲಿ 340 ಇತ್ತು, ರ‍್ಯಾಕ್ ಖಾಲಿ. ಇನ್ನೊಂದು ಐಟಂ ಸಿಸ್ಟಮ್‌ನಲ್ಲಿ ಸೊನ್ನೆ, ರ‍್ಯಾಕ್ ತುಂಬಾ ಮಾಲು. ಅದನ್ನೇ ಪರ್ಚೇಸ್‌ನವರು ಮತ್ತೆ ತರಿಸಿದರು. ಲೈನ್ ನಿಲ್ಲಬಾರದೆಂದು ಮೈನಸ್ ಸ್ಟಾಕ್‌ಗೆ, ಅಂದರೆ ಸಿಸ್ಟಮ್‌ನಲ್ಲಿ ಇಲ್ಲದ ಮಾಲನ್ನೂ ಕೊಟ್ಟಂತೆ ಬರೆಯಲು, ಅನುಮತಿ ಕೊಟ್ಟೆವು. ಆಮೇಲೆ ಸಿಸ್ಟಮ್ ಏನು ಹೇಳಿದರೂ ಯಾರೂ ನಂಬದ ಹಾಗಾಯಿತು. ಜೂನ್ ಹೊತ್ತಿಗೆ ಒಬ್ಬೊಬ್ಬ ಸೂಪರ್‌ವೈಸರ್ ಹತ್ತಿರವೂ ಸ್ವಂತದ ಒಂದು ಎಕ್ಸೆಲ್ ಫೈಲ್. ಕೊನೆಗೆ ಆ ಹಿರಿಯರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವರು ಪುಸ್ತಕ ತೆರೆದರು. ಮೂರು ದಿನದಲ್ಲಿ ಮುಕ್ಕಾಲು ಪಾಲು ವ್ಯತ್ಯಾಸಕ್ಕೆ ಕಾರಣ ಸಿಕ್ಕಿತು. ಅವರನ್ನು ಆರು ತಿಂಗಳ ಮುಂಚೆ ಕೇಳಬೇಕಿತ್ತು. ಆ ತಪ್ಪು ನನ್ನದು, ಇವತ್ತಿಗೂ ಮನಸ್ಸಿನಲ್ಲಿದೆ.

ಹಾಗಾಗಿ ನೀನು ಮೊದಲ ಒಂದು ತಿಂಗಳು ಸಾಫ್ಟ್‌ವೇರ್ ಮುಟ್ಟಬೇಡ. ನಿಮ್ಮಲ್ಲಿ ಇಂಥ ಪುಸ್ತಕ ಯಾರ ಯಾರ ಹತ್ತಿರ ಇದೆ ಎಂದು ಹುಡುಕು. ಲಾರಿ ತೂಕ ಹಾಕುವ ವೇಬ್ರಿಜ್‌ನಲ್ಲಿ ಒಂದಿರುತ್ತದೆ. ಫರ್ನೇಸ್ ಹತ್ತಿರ ಒಂದಿರುತ್ತದೆ. ಡಿಸ್ಪ್ಯಾಚ್‌ನಲ್ಲಿ ಖಂಡಿತ ಇರುತ್ತದೆ. ರಾತ್ರಿ ಪಾಳಿಗೂ ಎರಡು ದಿನ ಹೋಗು. ಪುಸ್ತಕ ಇಟ್ಟವರನ್ನು ಗದರಿಸಬಾರದು. ಕಂಪನಿಯ ಫಾರಂನಲ್ಲಿ ಬರೆಯಲು ಜಾಗವಿಲ್ಲದ್ದನ್ನು ಅವರು ಅಲ್ಲಿ ಬರೆದಿಟ್ಟಿದ್ದಾರೆ. ಅದರ ಒಂದೊಂದು ಸಾಲಿಗೂ ಹೊಸ ಸಿಸ್ಟಮ್‌ನಲ್ಲಿ ಜಾಗ ಎಲ್ಲಿ ಎಂದು ಕನ್ಸಲ್ಟೆಂಟ್‌ಗೆ ಕೇಳು.

ಫೌಂಡ್ರಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಇಂಥ ಸಾಫ್ಟ್‌ವೇರ್‌ಗಳ ಮಾಮೂಲಿ ಬಿಒಎಂ ಜೋಡಿಸುವ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ನಾಲ್ಕು ಬೋಲ್ಟು, ಎರಡು ಪ್ಲೇಟು, ಒಂದು ಬ್ರಾಕೆಟ್. ನಿಮ್ಮದು ಹಾಗಲ್ಲ. ಒಂದು ಹೀಟ್, ಅಂದರೆ ಫರ್ನೇಸಿನ ಒಂದು ಸಲದ ಲೋಹ, ಕರಗಿಸಿ ನಾಲ್ಕು ಬೇರೆ ಬೇರೆ ಗಿರಾಕಿಗಳ ಮಾಲಿಗೆ ಸುರಿಯುತ್ತೀರಿ. 100 ಕೆಜಿ ಸುರಿದರೆ 60 ಕೆಜಿ ಕಾಸ್ಟಿಂಗ್ (ಎರಕದ ಮಾಲು) ಆಗುತ್ತದೆ ಅಂದುಕೋ. ಉಳಿದದ್ದರಲ್ಲಿ ಅಚ್ಚಿನ ಕಾಲುವೆಗಳಲ್ಲಿ ಗಟ್ಟಿಯಾದ ರನ್ನರ್, ರೈಸರ್ ಮತ್ತೆ ಫರ್ನೇಸಿಗೆ ಹೋಗುತ್ತವೆ. ಆ ರಿಟರ್ನ್ಸ್ ತೂಕ ಹಾಕದಿದ್ದರೆ ಪಿಗ್ ಐರನ್ ಮತ್ತು ಸ್ಕ್ರ್ಯಾಪ್ ಲೆಕ್ಕ ಯಾವತ್ತೂ ಕೂಡುವುದಿಲ್ಲ. ಕೊಳ್ಳುವುದು ಟನ್ನಿನಲ್ಲಿ, ಕರಗಿಸುವುದು ಕೆಜಿಯಲ್ಲಿ, ಮಾರುವುದು ನಗ ಎಣಿಸಿ, ಅಂದರೆ ಪೀಸಿನ ಲೆಕ್ಕದಲ್ಲಿ. ಒಂದು ನಗದ ತೂಕ ಸಿಸ್ಟಮ್‌ನ ಮೂಲ ಪಟ್ಟಿಯಾದ ಮಾಸ್ಟರ್‌ನಲ್ಲಿ 200 ಗ್ರಾಂ ತಪ್ಪಿದರೂ 5,000 ನಗಕ್ಕೆ ಒಂದು ಟನ್ ವ್ಯತ್ಯಾಸ ಬರುತ್ತದೆ. ಇನ್ನು ರಿಜೆಕ್ಷನ್. ಎರಕದೊಳಗೆ ಗಾಳಿಗುಳ್ಳೆಯ ತೂತು, ಬ್ಲೋ ಹೋಲ್, ಇರುವುದು ನಿಮ್ಮಲ್ಲಿ ಗೊತ್ತೇ ಆಗಿರುವುದಿಲ್ಲ. ಎರಡು ತಿಂಗಳಾದ ಮೇಲೆ ಗಿರಾಕಿ ಮಷೀನಿಂಗ್ ಮಾಡುವಾಗ ಕಾಣುತ್ತದೆ. ಆಗ ಹೀಟ್ ನಂಬರ್ ಹಿಡಿದು ಹಿಂದಕ್ಕೆ ಹೋಗಲು ಆಗಬೇಕು. ಡೆಮೋ ತೋರಿಸಲು ಬಂದವರ ಮುಂದೆ ನಿಮ್ಮದೇ ಒಂದು ಹೀಟ್‌ನ ಕಾಗದ ಇಡು. "ಇದನ್ನು ಸುರಿಯುವುದರಿಂದ ಗಿರಾಕಿ ವಾಪಸ್ ಕಳಿಸುವವರೆಗೆ ಮಾಡಿ ತೋರಿಸಿ" ಎಂದು ಕೇಳು. ಅವರದೇ ಉದಾಹರಣೆಯಲ್ಲಿ ಎಲ್ಲವೂ ಸುಂದರವಾಗಿ ನಡೆಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

"ನಮ್ಮ ಪದ್ಧತಿ ಬೇರೆ, ಸಾಫ್ಟ್‌ವೇರನ್ನೇ ಬದಲಾಯಿಸಿ" ಎಂದು ನಿಮ್ಮವರು ದಿನಾ ಹೇಳುತ್ತಾರೆ. ಎಲ್ಲದಕ್ಕೂ ಹ್ಞೂಂ ಅನ್ನಬೇಡ. ಜರ್ಮನಿಯ ಲಿಡ್ಲ್ ಎಂಬ ದೊಡ್ಡ ಅಂಗಡಿ ಸರಪಳಿ 2011ರಲ್ಲಿ ಎಸ್‌ಎಪಿ ಹಾಕಲು ಹೊರಟಿತು. ಅವರು ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಇಡುತ್ತಿದ್ದರು. ಸಾಫ್ಟ್‌ವೇರ್ ಮಾರುವ ಬೆಲೆಯಲ್ಲಿ ಇಡುತ್ತಿತ್ತು. ಅವರು ಪದ್ಧತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ತಿದ್ದಿಸುತ್ತಾ ಹೋದರು. ಏಳು ವರ್ಷ ಕಳೆದು, ಸುಮಾರು 50 ಕೋಟಿ ಯೂರೋ ಖರ್ಚಾದ ಮೇಲೆ, 2018ರಲ್ಲಿ ಕೈಬಿಟ್ಟರು. ಹೀಟ್, ರಿಟರ್ನ್ಸ್, ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಇವು ನಿಮ್ಮ ಕಸುಬಿನ ತಿರುಳು. ಅವಕ್ಕೆ ಬದಲಾವಣೆ ಕೇಳು, ಹಟ ಹಿಡಿದು ಕೇಳು. ಪರ್ಚೇಸ್ ಆರ್ಡರ್ ಪ್ರಿಂಟ್‌ನಲ್ಲಿ ಸಹಿ ಎಡಕ್ಕೋ ಬಲಕ್ಕೋ, ಸಾಮಾನು ಬೇಕೆಂದು ಬರೆಯುವ ಇಂಡೆಂಟ್‌ಗೆ ಮೂರು ಜನ ಒಪ್ಪಿಗೆ ಕೊಡಬೇಕೋ ಎನ್ನುವ ಅಭ್ಯಾಸಗಳನ್ನು ಬಿಡಬಹುದು. ಯಾವುದು ತಿರುಳು, ಯಾವುದು ಅಭ್ಯಾಸ ಎಂದು ತೀರ್ಮಾನಿಸಲು ನಿಮ್ಮ ಎಂ.ಡಿ. ವಾರಕ್ಕೆ ಒಂದು ಗಂಟೆ ಕೂರಲೇಬೇಕು. ಇದನ್ನು ಈಗಲೇ ಅವರ ಹತ್ತಿರ ಒಪ್ಪಿಸಿಕೋ. ನೀನೊಬ್ಬಳೇ ಹೇಳಿದರೆ ಪ್ರೊಡಕ್ಷನ್ ಮ್ಯಾನೇಜರ್ ಕೇಳುವುದಿಲ್ಲ.

ಜಾಬ್ ವರ್ಕ್ ಕೂಡ ಮರೆಯಬೇಡ. ಮಷೀನಿಂಗ್‌ಗೆ ಹೊರಗೆ ಕಳಿಸಿದ ಕಾಸ್ಟಿಂಗ್ ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ, ಅಥವಾ ಅಲ್ಲಿಂದಲೇ ಗಿರಾಕಿಗೆ ಹೋಗದಿದ್ದರೆ, ಜಿಎಸ್‌ಟಿಯಲ್ಲಿ ಅದನ್ನು ಕಳಿಸಿದ ದಿನವೇ ಮಾರಿದಂತೆ ಲೆಕ್ಕ. ಚಲನ್ ನಂಬರ್ ಹಿಡಿದು ಏನು ಹೋಯಿತು, ಏನು ಬಂತು ಎಂದು ಸಿಸ್ಟಮ್ ತೋರಿಸಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್. 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆ ಇರಲೇಬೇಕು, ಅದನ್ನು ಆಫ್ ಮಾಡುವಂತಿಲ್ಲ. ಹಿಂದಿನ ತಾರೀಖಿಗೆ ಸುಮ್ನೆ ತಿದ್ದಿಬಿಡೋಣ ಎನ್ನುವವರಿಗೆ ಇದನ್ನು ಮೊದಲೇ ತಿಳಿಸು.

ಗೋ-ಲೈವ್ ದಿನದ ಬಗ್ಗೆ ನಿಮ್ಮಲ್ಲೂ ಏಪ್ರಿಲ್ 1 ಎನ್ನುತ್ತಿದ್ದಾರೆ ಎಂದು ಅಕ್ಕ ಹೇಳಿದಳು. ಅಕೌಂಟ್ಸ್‌ನವರಿಗೆ ಅದು ಸುಲಭ, ನಿಜ. ಆದರೆ ಮಾರ್ಚ್ ಕೊನೆಯಲ್ಲಿ ಡಿಸ್ಪ್ಯಾಚ್ ಒತ್ತಡ ಎಷ್ಟಿರುತ್ತದೆ ಎಂದು ನಿನಗೇ ಗೊತ್ತು. ಆ ವಾರ ಯಾರೂ ಸರಿಯಾಗಿ ಎಣಿಸುವುದಿಲ್ಲ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 1999ರಲ್ಲಿ ಇದೇ ಪಾಡು ಪಟ್ಟಿತು. ನಾಲ್ಕು ವರ್ಷದ ಕೆಲಸವನ್ನು ಎರಡೂವರೆ ವರ್ಷಕ್ಕೆ ಇಳಿಸಿದರು, ಹ್ಯಾಲೊವೀನ್ ಹಬ್ಬದ ಆರ್ಡರ್‌ಗಳು ಬರುವ ಹೊತ್ತಿಗೆ ಸರಿಯಾಗಿ ಹೊಸ ಸಿಸ್ಟಮ್ ಚಾಲೂ ಮಾಡಿದರು. ಗೋದಾಮಿನಲ್ಲಿ ಚಾಕೊಲೇಟ್ ಇತ್ತು, ಅಂಗಡಿಗೆ ಮುಟ್ಟಿಸಲು ಆಗಲಿಲ್ಲ. 10 ಕೋಟಿ ಡಾಲರಿನಷ್ಟು ಆರ್ಡರ್ ತಪ್ಪಿತು. ನನ್ನನ್ನು ಕೇಳಿದರೆ ಜುಲೈ 1 ಒಳ್ಳೆಯದು. ಮೊದಲ ಮೂರು ತಿಂಗಳ ಲೆಕ್ಕ ಮುಚ್ಚಿ, ಜೂನ್ 30ರ ಬಾಕಿಗಳನ್ನು ಹೊಸದಕ್ಕೆ ತರಬಹುದು. ಆಯುಧಪೂಜೆಯ ಹೊತ್ತಿಗೆ ಜನರ ಕೈ ಪಳಗಿರುತ್ತದೆ.

ತರಬೇತಿಯನ್ನು ಕನ್ನಡದಲ್ಲೇ ಕೊಡಿಸು. ಸ್ಕ್ರೀನ್ ಇಂಗ್ಲಿಷ್‌ನಲ್ಲಿದ್ದರೂ ಪರವಾಗಿಲ್ಲ. ಯಾವ ಬಟನ್ ಯಾಕೆ ಒತ್ತಬೇಕು, ಒತ್ತದಿದ್ದರೆ ಮುಂದೆ ಯಾರಿಗೆ ತೊಂದರೆ ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಕೌಂಟರಿನ ಗೋಡೆಗೆ ಅಂಟಿಸು. ಅಲ್ಲಿ ಕೂರುವವರ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು. ತಪ್ಪು ಎಂಟ್ರಿ ಮಾಡಿದವರನ್ನು ಎಲ್ಲರ ಮುಂದೆ ಬೈಯಲು ಬಿಡಬೇಡ. ಒಂದು ಸಲ ಬೈಸಿಕೊಂಡವರು ಮುಂದೆ ತಪ್ಪನ್ನು ಮುಚ್ಚಿಡುತ್ತಾರೆ.

ಐಟಂ ಮಾಸ್ಟರ್ ಪಟ್ಟಿಯನ್ನು ನನಗೆ ಕಳಿಸು. ಒಂದೇ ಗ್ರೈಂಡಿಂಗ್ ವ್ಹೀಲ್‌ಗೆ ಮೂರು ಮೂರು ಕೋಡ್ ಇರುತ್ತವೆ, ಅವನ್ನು ಹೆಕ್ಕಿ ಕೊಡುತ್ತೇನೆ. ಈಗ ನನಗೆ ಬೇಕಾದಷ್ಟು ಸಮಯವಿದೆ. ಸ್ಟಾಕ್ ಎಣಿಕೆಗೆ ಎರಡು ದಿನ ಪೂರ್ತಿ ಕೆಲಸ ನಿಲ್ಲಿಸಬೇಕು, ಒಂದು ದಿನಕ್ಕೆ ಒಪ್ಪಬೇಡ. ತಾರೀಖು ಗೊತ್ತಾದ ತಕ್ಷಣ ಬರೆ. ಹಿಂದಿನ ದಿನವೇ ರೈಲು ಹತ್ತಿ ಬರುತ್ತೇನೆ. ನೀನು ಯಾರ್ಡ್ ನೋಡಿಕೋ, ನಾನು ಸ್ಟೋರ್ಸ್‌ನವರ ಜೊತೆ ರ‍್ಯಾಕ್ ಎಣಿಸುತ್ತೇನೆ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇಂತು ನಿನ್ನ,
ಮಾವ