13ರ ರಾತ್ರಿ ಉಲ್ಕೆ ನೋಡಲು ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 13ರ ರಾತ್ರಿ ಜೆಮಿನಿಡ್ ಉಲ್ಕಾಪಾತ ನೋಡಲು ತೋಟಕ್ಕೆ ಬರುವವರು ದಯವಿಟ್ಟು ಕತ್ತಲಾಗುವ ಮುಂಚೆಯೇ ತಲುಪಿ. ತಡವಾದರೆ ಗಾಡಿಯನ್ನು ಗೇಟಿನ ಹೊರಗೇ ನಿಲ್ಲಿಸಿ ನಡೆದು ಬನ್ನಿ. ಕಣ್ಣು ಕತ್ತಲಿಗೆ ಒಗ್ಗಲು 20–30 ನಿಮಿಷ ಬೇಕು. ಒಬ್ಬರ ಮೊಬೈಲ್ ಬೆಳಕು ಸಾಕು, ಎಲ್ಲರೂ ಮತ್ತೆ ಮೊದಲಿಂದ ಕಾಯಬೇಕಾಗುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ತನ್ನಿ.

ಉಲ್ಕೆಗೆ ಟೆಲಿಸ್ಕೋಪ್ ಬೇಡ, ಜಮಖಾನ ಹಾಸಿ ಅಂಗಾತ ಮಲಗಿದರಾಯಿತು. ಈ ಉಲ್ಕೆಗಳು ಹೊರಟು ಬಂದಂತೆ ಕಾಣುವ ಮಿಥುನ ರಾಶಿ ನೆತ್ತಿಯ ಹತ್ತಿರ ಬರುವುದು ರಾತ್ರಿ ಎರಡರ ಸುಮಾರಿಗೆ. ಹೆಚ್ಚು ಉಲ್ಕೆ ಕಾಣುವುದೂ ಆಗಲೇ, ಹಾಗಾಗಿ ಹತ್ತಕ್ಕೇ ಹೊರಡಬೇಡಿ. ಇವುಗಳ ಮೂಲ ಫೇಥಾನ್, 1983ರಲ್ಲಿ ಪತ್ತೆಯಾದ ಕ್ಷುದ್ರಗ್ರಹ. ವರ್ಷದ ಉಲ್ಕಾಪಾತಗಳಲ್ಲಿ ನನಗೆ ಇದೇ ಎಲ್ಲಕ್ಕಿಂತ ಇಷ್ಟ.

ಅಜ್ಜ ಅಜ್ಜಿಯರನ್ನು ಖಂಡಿತ ಕರೆತನ್ನಿ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಅವರಿಗೆ ಮಳೆಯ ಹೆಸರಾಗಿ ಬಾಯಿಪಾಠ. ಆ ನಕ್ಷತ್ರಗಳು ಅಂದು ಅದೇ ಸರದಿಯಲ್ಲಿ ಪೂರ್ವದಿಂದ ಮೇಲೇರುತ್ತವೆ. ಮೊಮ್ಮಕ್ಕಳಿಗೆ ಅವರೇ ತೋರಿಸಲಿ.

ಮುಸ್ಸಂಜೆಯಲ್ಲಿ ಉಪಗ್ರಹಗಳನ್ನೂ ಹುಡುಕೋಣ. ಮಿನುಗುವ ದೀಪವಿದ್ದರೆ ವಿಮಾನ. ಒಂದೇ ಸಮನೆ ಹೊಳೆಯುತ್ತ ಸಾಗಿದರೆ ಬಹುತೇಕ ಉಪಗ್ರಹ. ನಡು ಆಕಾಶದಲ್ಲೇ ಮಾಯವಾದರೆ ಅದು ಭೂಮಿಯ ನೆರಳಿಗೆ ಹೊಕ್ಕಿತೆಂದು ಅರ್ಥ. ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಅಂದು ನಮ್ಮ ಮೇಲೆ ಹಾದುಹೋಗುವುದಿದ್ದರೆ ಸಮಯವನ್ನು ಹಿಂದಿನ ದಿನ ಇಲ್ಲೇ ಹಾಕುತ್ತೇನೆ.

ಲೇಸರ್ ತರುವವರು ವಿಮಾನದ ಕಡೆ ಹಿಡಿಯಲೇಬೇಡಿ, ಪೈಲಟ್ ಕಣ್ಣಿಗೆ ಅಪಾಯ. ಸ್ವೆಟರ್, ಊಟ, ನೀರು ನಿಮ್ಮದೇ. ಬೈನಾಕ್ಯುಲರ್ ಇರುವವರು ಇಲ್ಲಿ ತಿಳಿಸಿ.