ಬಡ ದೇಶಗಳ ಸಾಲ: ಜುಬಿಲಿ ವರ್ಷ ಮುಗಿದರೂ ಮುಗಿಯದ ಬೇಡಿಕೆ

ಮಾನ್ಯ ಸಂಪಾದಕರೇ,

ರೋಮಿನ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು 2024ರ ಡಿಸೆಂಬರ್ 24ರಂದು ಪೋಪ್ ಫ್ರಾನ್ಸಿಸ್ ತೆರೆದದ್ದು, 2026ರ ಜನವರಿ 6ರಂದು ಅವರ ಉತ್ತರಾಧಿಕಾರಿ ಹದಿನಾಲ್ಕನೆಯ ಲಿಯೋ ಅದನ್ನು ಮುಚ್ಚಿದ್ದು, ಇವೆರಡರ ನಡುವೆ ಕೋಟ್ಯಂತರ ಯಾತ್ರಿಕರು ಅಲ್ಲಿಗೆ ಬಂದು ಹೋದದ್ದು ನಮ್ಮಲ್ಲೂ ಸುದ್ದಿಯಾಯಿತು. ಆದರೆ ಆ ಜುಬಿಲಿ ವರ್ಷದ, ಅಂದರೆ ಕಥೋಲಿಕರು ಕ್ಷಮೆ ಮತ್ತು ಬಿಡುಗಡೆಯ ವರ್ಷವೆಂದು ಆಚರಿಸುವ ವಿಶೇಷ ವರ್ಷದ ಹೆಸರಿನಲ್ಲಿ ಕಥೋಲಿಕ ಸಮುದಾಯವು ಜಗತ್ತಿನ ಮುಂದಿಟ್ಟ ಮುಖ್ಯ ಬೇಡಿಕೆ, ಅಂದರೆ ತೀರಿಸಲಾಗದ ಸಾಲದಲ್ಲಿ ಸಿಲುಕಿರುವ ಬಡ ದೇಶಗಳ ಸಾಲವನ್ನು ಮನ್ನಾ ಮಾಡಬೇಕು ಮತ್ತು ಅಂತಹ ಸಾಲ ಮತ್ತೆ ಮತ್ತೆ ಬೆಳೆಯದಂತೆ ಅಂತರರಾಷ್ಟ್ರೀಯ ಕಾನೂನು ವ್ಯವಸ್ಥೆಯೊಂದನ್ನು ರೂಪಿಸಬೇಕು ಎಂಬ ಬೇಡಿಕೆ, ಕನ್ನಡದಲ್ಲಿ ಚರ್ಚೆಯಾದದ್ದು ನನ್ನ ಗಮನಕ್ಕೆ ಬರಲಿಲ್ಲ. ಬ್ಯಾಂಕೊಂದರ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದ ಕಥೋಲಿಕ ಕ್ರೈಸ್ತನಾಗಿ ಈ ಕೊರತೆಯ ಬಗ್ಗೆ ನಾಲ್ಕು ಮಾತು ಬರೆಯಲು ಅವಕಾಶ ಕೋರುತ್ತೇನೆ.

ಚರ್ಚಿನ ಸಮಾಜಸೇವೆ ಎಂದೊಡನೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಹೊರಗಿನ ಕೆಲವರು ಅದನ್ನು ಮತಾಂತರದ ಸಾಧನ ಎನ್ನುತ್ತಾರೆ. ಒಳಗಿನ ಬಹಳಷ್ಟು ಮಂದಿ ಅದನ್ನು ಆಸ್ಪತ್ರೆ, ಶಾಲೆ, ಅನಾಥಾಶ್ರಮ ಮತ್ತು ಈಸ್ಟರ್ ಹಬ್ಬಕ್ಕೆ ಮುನ್ನಿನ ಉಪವಾಸದ ದಿನಗಳಾದ ತಪಸ್ಸುಕಾಲದ ಕಾಣಿಕೆಗೆ ಸೀಮಿತಗೊಳಿಸುತ್ತಾರೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಕೆಲಸದ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಕೊಡುಗೆ ಬೇರೆ, ನ್ಯಾಯ ಬೇರೆ. ಒಂದು ದೇಶದ ಸರ್ಕಾರ ತನ್ನ ಜನರ ಆರೋಗ್ಯಕ್ಕಿಂತ ಹೆಚ್ಚಿನ ಹಣವನ್ನು ಹೊರಗಿನ ಸಾಲಿಗರಿಗೆ, ಅಂದರೆ ಸಾಲ ಕೊಟ್ಟವರಿಗೆ, ಬಡ್ಡಿಯಾಗಿ ಕಟ್ಟುತ್ತಿರುವಾಗ, ಅಲ್ಲಿ ನಾವು ಇನ್ನೊಂದು ದವಾಖಾನೆ ಕಟ್ಟಿಸಿಕೊಟ್ಟರೆ ಅದರ ಹತ್ತರಷ್ಟು ಹಣ ಅದೇ ದೇಶದಿಂದ ಹೊರಗೆ ಹರಿದುಹೋಗುತ್ತಲೇ ಇರುತ್ತದೆ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆಯಾದ ಅಂಕ್ಟಾಡ್ 2025ರಲ್ಲಿ ನೀಡಿದ ಲೆಕ್ಕದ ಪ್ರಕಾರ, ಶಿಕ್ಷಣಕ್ಕಿಂತಲೋ ಆರೋಗ್ಯಕ್ಕಿಂತಲೋ ಬಡ್ಡಿಗೇ ಹೆಚ್ಚು ವೆಚ್ಚ ಮಾಡುವ ದೇಶಗಳಲ್ಲಿ ಸುಮಾರು 340 ಕೋಟಿ ಜನ ಬದುಕುತ್ತಿದ್ದಾರೆ.

ಈ ಬೇಡಿಕೆಯ ಬೇರು ಬೈಬಲ್ಲಿನಲ್ಲಿದೆ. ಜುಬಿಲಿ ಎನಿಸಿದ ಐವತ್ತನೆಯ ವರ್ಷದಲ್ಲಿ, ಮಾರಿಹೋದ ಹೊಲ ಮೂಲ ಒಡೆಯನ ಮನೆತನಕ್ಕೆ ಮರಳಬೇಕು, ಬಡತನದಿಂದ ತನ್ನನ್ನೇ ಮಾರಿಕೊಂಡವನು ಬಿಡುಗಡೆಯಾಗಬೇಕು ಎಂದು ಯಾಜಕಕಾಂಡದ 25ನೆಯ ಅಧ್ಯಾಯ ಹೇಳುತ್ತದೆ. ಏಳನೆಯ ವರ್ಷದ ಸಾಲಮನ್ನಾ ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದಲ್ಲಿದೆ. ಜೀತಪದ್ಧತಿಯನ್ನು ರದ್ದುಪಡಿಸಿದ 1976ರ ಕೇಂದ್ರ ಕಾಯ್ದೆ, ಅದೇ ವರ್ಷ ದೇವರಾಜ ಅರಸು ಅವರ ಕಾಲದಲ್ಲಿ ಬಂದ ಋಣಪರಿಹಾರ ಕಾಯ್ದೆ, ಇವುಗಳ ಕರ್ನಾಟಕವನ್ನು ನೆನಪಿಟ್ಟುಕೊಂಡವರಿಗೆ ಈ ವಿಚಾರ ಪರಕೀಯ ಎನಿಸಲಾರದು. ಮನುಷ್ಯನನ್ನೇ ಒತ್ತೆ ಇರಿಸಿಕೊಂಡ ಸಾಲವನ್ನು ಕಾನೂನು ಮಾನ್ಯ ಮಾಡುವುದಿಲ್ಲ ಎಂದು ನಾವೂ ಒಂದು ಕಾಲದಲ್ಲಿ ತೀರ್ಮಾನಿಸಿದ್ದೆವು.

ಬೈಬಲ್ಲಿನ ಮಾತು ಆಧುನಿಕ ಹಣಕಾಸಿನ ಅಂಗಳಕ್ಕೆ ಬಂದದ್ದು 1982ರಲ್ಲಿ ಮೆಕ್ಸಿಕೋ ತನ್ನ ಸಾಲ ತೀರಿಸಲಾರೆನೆಂದು ಕೈಚೆಲ್ಲಿದ ಮೇಲೆ. ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗವು 1986ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಸಾಲದ ನೈತಿಕತೆಯನ್ನು ಕುರಿತೇ ಒಂದು ದಾಖಲೆ ಪ್ರಕಟಿಸಿ, ಸಾಲದ ಹೊಣೆ ಪಡೆದವನದಷ್ಟೇ ಅಲ್ಲ, ಕೊಟ್ಟವನದೂ ಹೌದು ಎಂದು ವಾದಿಸಿತು. 1994ರ ನವೆಂಬರಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು 2000ದ ಜುಬಿಲಿಯ ಸಿದ್ಧತೆಗಾಗಿ ಬರೆದ ಪತ್ರದಲ್ಲಿ ಬಡ ದೇಶಗಳ ಸಾಲವನ್ನು ಪೂರ್ತಿಯಾಗಿ ಅಲ್ಲದಿದ್ದರೂ ಗಣನೀಯವಾಗಿ ಇಳಿಸುವ ಬಗ್ಗೆ ಯೋಚಿಸಬೇಕೆಂದು ಕೇಳಿದರು. ಇಲ್ಲಿ ಒಂದು ಮಾತನ್ನು ಸೇರಿಸಬೇಕು: ‘ಜುಬಿಲಿ 2000’ ಚಳವಳಿಯನ್ನು ಹುಟ್ಟುಹಾಕಿದ್ದು ಚರ್ಚ್ ಅಲ್ಲ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಉಪನ್ಯಾಸಕ ಮಾರ್ಟಿನ್ ಡೆಂಟ್ ಮತ್ತು ನಿವೃತ್ತ ರಾಜತಾಂತ್ರಿಕ ಬಿಲ್ ಪೀಟರ್ಸ್ ಅದನ್ನು ಆರಂಭಿಸಿದರು. ಬೇರೆ ಬೇರೆ ಕ್ರೈಸ್ತ ಸಭೆಗಳು, ಕಾರ್ಮಿಕ ಸಂಘಗಳು, ಧರ್ಮದ ಗೊಡವೆಯೇ ಇಲ್ಲದ ಅನೇಕರು ಅದರಲ್ಲಿದ್ದರು. ಆದರೆ ಸಹಿ ಅರ್ಜಿಯನ್ನು ಊರೂರಿನ ಧರ್ಮಕೇಂದ್ರಗಳಿಗೆ ತಲುಪಿಸುವ ಜಾಲ ಇದ್ದದ್ದು ಇಂಗ್ಲೆಂಡಿನ ಕಾಫೋಡ್, ಜರ್ಮನಿಯ ಮಿಸೆರಿಯೊರ್, ಐರ್ಲೆಂಡಿನ ಟ್ರೋಕರಾ ಮೊದಲಾದ ಕಥೋಲಿಕ ಸಂಸ್ಥೆಗಳ ಬಳಿ. 1998ರ ಮೇ 16ರಂದು ಪ್ರಬಲ ದೇಶಗಳ ಕೂಟವಾದ ಜಿ-8ರ ನಾಯಕರು ಸೇರಿದ್ದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸುಮಾರು 70,000 ಜನ ಕೈ ಕೈ ಹಿಡಿದು ಮಾನವ ಸರಪಳಿ ಕಟ್ಟಿದರು. ಚಳವಳಿ ಮುಗಿಯುವ ಹೊತ್ತಿಗೆ ಸಂಗ್ರಹವಾದ ಸಹಿಗಳು ಸುಮಾರು 2 ಕೋಟಿ 40 ಲಕ್ಷ. 1999ರ ಜೂನ್‌ನಲ್ಲಿ ಜರ್ಮನಿಯ ಕಲೋನ್ ನಗರದ ಜಿ-8 ಶೃಂಗಸಭೆ ಮಣಿಯಿತು, ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕುಗಳ ಜಿಪುಣ ಸಾಲಪರಿಹಾರ ಯೋಜನೆ ಹಿಗ್ಗಿತು. 2005ರಲ್ಲಿ ಇನ್ನೊಂದು ಸುತ್ತಿನ ಮನ್ನಾ ಘೋಷಣೆಯಾಯಿತು. ಒಟ್ಟು 37 ದೇಶಗಳಿಗೆ, 100 ಶತಕೋಟಿ ಡಾಲರಿಗೂ ಮೀರಿದ ಪರಿಹಾರ ದೊರಕಿತು. 2003ರಲ್ಲಿ ಭಾರತ ಕೂಡ ಇಂತಹ ಕೆಲವು ದೇಶಗಳು ತನಗೆ ಕೊಡಬೇಕಿದ್ದ ಸಾಲವನ್ನು ಕೈಬಿಡುವುದಾಗಿ ಪ್ರಕಟಿಸಿತ್ತೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ಈ ಮನ್ನಾದಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಅರಿಯಲು ಆಫ್ರಿಕಾದ ಜಾಂಬಿಯಾಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1964ರಲ್ಲಿ ಸ್ವತಂತ್ರವಾದ ಆ ದೇಶದ ರಫ್ತು ಆದಾಯದ ಬಹುಪಾಲು ತಾಮ್ರದಿಂದ ಬರುತ್ತಿತ್ತು. ಎಪ್ಪತ್ತರ ದಶಕದ ನಡುವೆ ತಾಮ್ರದ ಬೆಲೆ ಕುಸಿದಾಗ ಸರ್ಕಾರ ಬೆಲೆ ಮತ್ತೆ ಏರುತ್ತದೆಂದು ನಂಬಿ ಸಾಲ ಮಾಡಿತು. ಬೆಲೆ ಏರಲಿಲ್ಲ, ಬಡ್ಡಿ ಏರಿತು. 1988ರಲ್ಲಿ ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳು ರಾಜಧಾನಿ ಲುಸಾಕಾದಲ್ಲಿ ದೈವಶಾಸ್ತ್ರೀಯ ಚಿಂತನಾ ಕೇಂದ್ರವೊಂದನ್ನು ತೆರೆದರು. ಹೆಸರು ಕೇಳಿದರೆ ಜಪಮಾಲೆ ಹಿಡಿದು ಕುಳಿತವರ ಕೂಟ ಎನಿಸಬಹುದು. ಅವರು ಮಾಡಿದ್ದು ಬೇರೆಯೇ: ಲುಸಾಕಾದ ಒಂದು ಸಾಮಾನ್ಯ ಕುಟುಂಬಕ್ಕೆ ತಿಂಗಳಿಗೆ ಬೇಕಾಗುವ ಮೆಕ್ಕೆಜೋಳದ ಹಿಟ್ಟು, ಒಣಮೀನು, ಇದ್ದಿಲು, ಮನೆ ಬಾಡಿಗೆ ಇವುಗಳ ಬೆಲೆಯನ್ನು ಪ್ರತಿ ತಿಂಗಳೂ ಮಾರುಕಟ್ಟೆಯಲ್ಲಿ ಕೇಳಿ ಬರೆದು, ಶಿಕ್ಷಕಿಯ, ಕಾವಲುಗಾರನ ಸಂಬಳದ ಪಕ್ಕದಲ್ಲಿಟ್ಟು ಪ್ರಕಟಿಸಿದರು. ಸರ್ಕಾರ ಸಾಲಿಗರಿಗೆ ಕಟ್ಟುವ ಕಂತು ಆ ಪಟ್ಟಿಯ ಮುಂದೆ ಹೇಗೆ ಕಾಣುತ್ತದೆಂದು ವಿವರಿಸಲು ಅವರಿಗೆ ಪ್ರವಚನ ಬೇಕಾಗಲಿಲ್ಲ. ಅದೇ ಕೇಂದ್ರ ಜಾಂಬಿಯಾದ ಜುಬಿಲಿ ಚಳವಳಿಯ ಬೆನ್ನೆಲುಬಾಯಿತು. 2005ರಲ್ಲಿ ದೇಶ ಪರಿಹಾರದ ಕೊನೆಯ ಹಂತ ಮುಟ್ಟಿತು. ಸುಮಾರು 7 ಶತಕೋಟಿ ಡಾಲರಿದ್ದ ವಿದೇಶಿ ಸಾಲ ಒಂದು ಶತಕೋಟಿಗಿಂತ ಕೆಳಗಿಳಿಯಿತು. 2006ರ ಏಪ್ರಿಲ್‌ನಿಂದ ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ರೋಗಿಗಳಿಂದ ಶುಲ್ಕ ಪಡೆಯುವುದನ್ನು ಸರ್ಕಾರ ನಿಲ್ಲಿಸಿತು.

ಅದೇ ಹೊತ್ತಿಗೆ ನಡೆದ ಇನ್ನೊಂದು ಪ್ರಕರಣವನ್ನು ನಮ್ಮ ಕಾನೂನು ವಿದ್ಯಾರ್ಥಿಗಳು ಓದಬೇಕು. 1979ರಲ್ಲಿ ಕೃಷಿ ಯಂತ್ರಗಳನ್ನು ಕೊಳ್ಳಲೆಂದು ರೊಮೇನಿಯಾ ಜಾಂಬಿಯಾಕ್ಕೆ ಕೊಟ್ಟಿದ್ದ ಸಾಲವನ್ನು ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಖಾಸಗಿ ಸಂಸ್ಥೆ 1999ರಲ್ಲಿ ಸುಮಾರು 33 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಬಳಿಕ ಲಂಡನ್ನಿನ ನ್ಯಾಯಾಲಯದಲ್ಲಿ ಸುಮಾರು 5.5 ಕೋಟಿ ಡಾಲರಿಗೆ ದಾವೆ ಹೂಡಿತು. 2007ರಲ್ಲಿ ನ್ಯಾಯಾಧೀಶರು ಅದರ ನಡವಳಿಕೆಯನ್ನು ಟೀಕಿಸಿದರೂ ಸುಮಾರು 1.5 ಕೋಟಿ ಡಾಲರ್ ಕೊಡಿಸದೆ ಇರಲಾಗಲಿಲ್ಲ, ಏಕೆಂದರೆ ಕಾನೂನು ಹಾಗಿತ್ತು. ಬೇರೆ ಸಾಲಿಗರು ಬಿಟ್ಟುಕೊಟ್ಟ ಹಣ ಹೀಗೆ ಹದ್ದಿನ ಪಾಲಾಗುವುದನ್ನು ಕಂಡು ಬ್ರಿಟನ್ನಿನ ಚಳವಳಿಗಾರರು ತಮ್ಮ ಸಂಸತ್ತಿನ ಬೆನ್ನು ಹತ್ತಿದರು. 2010ರಲ್ಲಿ ಬ್ರಿಟನ್, ಪರಿಹಾರ ಯೋಜನೆಗೆ ಒಳಪಟ್ಟ ದೇಶಗಳಿಂದ ಇಂತಹ ಸಂಸ್ಥೆಗಳು ನಿಗದಿಯಾದ ಪ್ರಮಾಣಕ್ಕಿಂತ ಹೆಚ್ಚು ವಸೂಲು ಮಾಡದಂತೆ ಕಾಯ್ದೆ ಮಾಡಿತು. ಬಡ ದೇಶಗಳ ಸಾಲಪತ್ರಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಕಾನೂನಿಗೆ ಇಲ್ಲವೇ ನ್ಯೂಯಾರ್ಕ್ ರಾಜ್ಯದ ಕಾನೂನಿಗೆ ಒಳಪಟ್ಟಿರುವುದರಿಂದ ಆ ಎರಡು ಕಡೆ ನಡೆಯುವ ಶಾಸನ ರಚನೆಗೆ ಲುಸಾಕಾದಲ್ಲೋ ಕೊಲಂಬೊದಲ್ಲೋ ನಡೆಯುವುದಕ್ಕಿಂತ ಹೆಚ್ಚಿನ ತೂಕವಿದೆ.

ಇಷ್ಟಾದರೂ ಜಾಂಬಿಯಾ ಮತ್ತೆ ಬಿದ್ದಿತು. 2012, 2014 ಮತ್ತು 2015ರಲ್ಲಿ ಅದು ಅಂತರರಾಷ್ಟ್ರೀಯ ಪೇಟೆಯಲ್ಲಿ ಮೂರು ಬಾರಿ ಬಾಂಡ್ ಮಾರಿ ಒಟ್ಟು 3 ಶತಕೋಟಿ ಡಾಲರ್ ಎತ್ತಿತು, ಚೀನಾದ ಬ್ಯಾಂಕುಗಳಿಂದಲೂ ಪಡೆಯಿತು, 2020ರ ನವೆಂಬರಿನಲ್ಲಿ ಬಡ್ಡಿ ಕಟ್ಟಲಾಗದೆ ನಿಂತಿತು. ಬಾಂಡ್ ಹಿಡಿದವರೊಂದಿಗೆ ಒಪ್ಪಂದ ಮುಗಿಯುವ ಹೊತ್ತಿಗೆ 2024 ಬಂದಿತ್ತು. ಆ ವರ್ಷ ಭೀಕರ ಬರದಿಂದ ಅಲ್ಲಿನ ಮೆಕ್ಕೆಜೋಳದ ಬೆಳೆ ನೆಲಕಚ್ಚಿತ್ತು.

ಸಾಲಮನ್ನಾ ಮಾಡಿದರೆ ಹೀಗೇ ಆಗುವುದು, ಭ್ರಷ್ಟ ಆಡಳಿತಗಾರರಿಗೆ ಅದು ಪ್ರೋತ್ಸಾಹ ಎಂದು ಹೇಳುವವರು ಈ ಉದಾಹರಣೆಯನ್ನೇ ಮುಂದಿಡುತ್ತಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಆದರೆ ಆ ಅರ್ಧವನ್ನು ಮೊದಲು ಗಟ್ಟಿಯಾಗಿ ಹೇಳಿದವರೂ ಜಾಂಬಿಯಾದ ಅದೇ ಚಳವಳಿಗಾರರು. ಸಂಸತ್ತಿನ ಒಪ್ಪಿಗೆಯಿಲ್ಲದೆ ಸರ್ಕಾರ ಸಾಲ ಎತ್ತಬಾರದು ಎಂದು ಅವರು ವರ್ಷಗಟ್ಟಲೆ ಕೇಳಿದರು, 2022ರಲ್ಲಿ ವಾರ್ಷಿಕ ಸಾಲಯೋಜನೆಗೆ ಸಂಸತ್ತಿನ ಅನುಮೋದನೆ ಕಡ್ಡಾಯಗೊಳಿಸುವ ಕಾಯ್ದೆ ಬಂದಿತು. ಉಳಿದ ಅರ್ಧದ ಬಗ್ಗೆ ಬ್ಯಾಂಕಿನಲ್ಲಿದ್ದವನಾಗಿ ನಾನು ಹೇಳಬಹುದಾದದ್ದು ಇಷ್ಟು: ಮರುಪಾವತಿಯ ಶಕ್ತಿ ನೋಡದೆ ಸಾಲ ಮಂಜೂರು ಮಾಡಿದ ಮ್ಯಾನೇಜರನ ಮೇಲೆ ನಮ್ಮಲ್ಲಿ ವಿಚಾರಣೆ ನಡೆಯುತ್ತದೆ. ಅಪಾಯವಿದೆಯೆಂದೇ ಹೆಚ್ಚಿನ ಬಡ್ಡಿ ವಿಧಿಸಿದ ಬಾಂಡ್ ಹೂಡಿಕೆದಾರರು, ಅಪಾಯ ನಿಜವಾದ ದಿನ ಪೂರ್ತಿ ಅಸಲು ಕೇಳುವುದು ಯಾವ ವ್ಯವಹಾರ ನೀತಿ?

ಭಾರತದಲ್ಲಿ ಒಂದು ಕಂಪನಿ ದಿವಾಳಿಯೆದ್ದರೆ 2016ರ ದಿವಾಳಿ ಸಂಹಿತೆಯಿದೆ. ನ್ಯಾಯಮಂಡಳಿಯ ಮುಂದೆ ಸಾಲಿಗರೆಲ್ಲ ಸೇರುತ್ತಾರೆ, ಎಲ್ಲರೂ ಒಂದಿಷ್ಟು ಬಿಟ್ಟುಕೊಡುತ್ತಾರೆ, ಒಬ್ಬ ಸಾಲಿಗ ಹಟ ಹಿಡಿದು ಒಪ್ಪಂದ ಮುರಿಯಲಾಗುವುದಿಲ್ಲ. ದೇಶಗಳಿಗೆ ಇಂತಹ ಸಂಹಿತೆ ಎಲ್ಲಿಯೂ ಇಲ್ಲ. 2001ರಲ್ಲಿ ಹಣಕಾಸು ನಿಧಿಯ ಅಂದಿನ ಉನ್ನತಾಧಿಕಾರಿ ಆನ್ ಕ್ರೂಗರ್ ಅವರೇ ಅಂಥದ್ದೊಂದನ್ನು ಪ್ರಸ್ತಾಪಿಸಿದ್ದರು. ಅಮೆರಿಕದ ಒಪ್ಪಿಗೆ ಸಿಗದೆ 2003ರಲ್ಲಿ ಅದು ಮೂಲೆ ಸೇರಿತು. ಜುಬಿಲಿ ವರ್ಷಕ್ಕೆ ಮುನ್ನ, 2024ರ ಮೇ ತಿಂಗಳಿನಲ್ಲಿ ಹೊರಡಿಸಿದ ಘೋಷಣಾಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಸಾಲಮನ್ನಾವನ್ನು ಔದಾರ್ಯವೆನ್ನದೆ ನ್ಯಾಯವೆಂದು ಕರೆದದ್ದು, ಕಥೋಲಿಕ ನೆರವು ಸಂಸ್ಥೆಗಳ ಜಾಗತಿಕ ಒಕ್ಕೂಟವಾದ ಕಾರಿತಾಸ್ ಇಂಟರ್‌ನ್ಯಾಷನಾಲಿಸ್ ಅದೇ ಡಿಸೆಂಬರಿನಲ್ಲಿ ಸಹಿ ಸಂಗ್ರಹ ಆರಂಭಿಸಿದ್ದು, ಅರ್ಥಶಾಸ್ತ್ರಜ್ಞರಾದ ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಮಾರ್ಟಿನ್ ಗುಸ್ಮಾನ್ ನೇತೃತ್ವದ ಆಯೋಗ 2025ರ ಜೂನ್‌ನಲ್ಲಿ ವರದಿ ನೀಡಿದ್ದು, ಇವೆಲ್ಲವುಗಳ ಹಿಂದೆ ಈ ಕೊರತೆಯಿದೆ. 2025ರ ಜುಬಿಲಿಯ ಬೇಡಿಕೆ 2000ದ ಜುಬಿಲಿಯ ಬೇಡಿಕೆಗಿಂತ ಕಷ್ಟದ್ದೆಂಬುದನ್ನೂ ಒಪ್ಪಬೇಕು. ಆಗ ಸಾಲಿಗರು ಬಹುತೇಕ ಸರ್ಕಾರಗಳು; ಅವರಿಗೆ ಮತದಾರರ ಭಯವಿತ್ತು. ಈಗಿನ ಬಾಂಡ್ ನಿಧಿಗಳ ಮುಂದೆ ಮಾನವ ಸರಪಳಿ ಕಟ್ಟುವುದು ಎಲ್ಲಿ?

ಭಾರತಕ್ಕೂ ಇದಕ್ಕೂ ಏನು ಸಂಬಂಧ ಎಂದರೆ, ನೇರ ಸಂಬಂಧವಿದೆ. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸಾಲ ಪಾವತಿ ನಿಲ್ಲಿಸಿದ ಬಳಿಕ ರಚನೆಯಾದ ಸಾಲಿಗ ದೇಶಗಳ ಸಮಿತಿಗೆ ಜಪಾನ್ ಮತ್ತು ಫ್ರಾನ್ಸ್ ಜೊತೆ ಭಾರತವೂ ಸಹ-ಅಧ್ಯಕ್ಷನಾಗಿತ್ತು. ಸಾಲ ಬಿಕ್ಕಟ್ಟಿನ ಚರ್ಚೆಗೆಂದು ಹಣಕಾಸು ನಿಧಿ, ವಿಶ್ವಬ್ಯಾಂಕ್ ಮತ್ತು ಭಾರತದ ಜಿ-20 ಅಧ್ಯಕ್ಷತೆ ಒಟ್ಟುಗೂಡಿಸಿದ ಜಾಗತಿಕ ದುಂಡುಮೇಜಿನ ಸಭೆ 2023ರ ಫೆಬ್ರುವರಿಯಲ್ಲಿ ನಡೆದದ್ದು ಬೆಂಗಳೂರಿನಲ್ಲೇ. ನಾವು ಇನ್ನು ಮೇಲೆ ಸಾಲ ಕೇಳುವವರ ಸಾಲಿನಲ್ಲಿ ಮಾತ್ರ ಕುಳಿತಿಲ್ಲ.

ಚರ್ಚಿನ ಬಗ್ಗೆಯೂ ಒಂದು ಮಾತು. ಲಂಡನ್ನಿನ ಒಂದು ಕಟ್ಟಡದಲ್ಲಿ ಹಣ ಹೂಡಿ ವ್ಯಾಟಿಕನ್ ಹತ್ತು ಕೋಟಿ ಯೂರೋಗೂ ಹೆಚ್ಚು ಕಳೆದುಕೊಂಡದ್ದು, ಅದರ ಸಂಬಂಧ 2023ರ ಡಿಸೆಂಬರಿನಲ್ಲಿ ಒಬ್ಬ ಕಾರ್ಡಿನಲ್ ಸೇರಿ ಹಲವರು ಅದರದ್ದೇ ನ್ಯಾಯಾಲಯದಲ್ಲಿ ದೋಷಿಗಳೆಂದು ತೀರ್ಮಾನವಾದದ್ದು ಎಲ್ಲರಿಗೂ ತಿಳಿದಿದೆ. ಬೇರೆಯವರ ಹಣಕಾಸಿಗೆ ನೀತಿ ಹೇಳುವ ಸಂಸ್ಥೆ ತನ್ನ ಲೆಕ್ಕಪುಸ್ತಕವನ್ನು ತೆರೆದಿಡದಿದ್ದರೆ ಕೇಳುವವರು ನಗುತ್ತಾರೆ. ಇದು ನಮ್ಮ ಧರ್ಮಕೇಂದ್ರಗಳ ಹಣಕಾಸು ಸಮಿತಿಗಳಿಗೂ ಅನ್ವಯಿಸುತ್ತದೆ.

ನನ್ನ ಕೋರಿಕೆ ಎರಡು. ಕರ್ನಾಟಕದ ಬಿಷಪರು ಮತ್ತು 1962ರಿಂದ ದುಡಿಯುತ್ತಿರುವ ಕಾರಿತಾಸ್ ಇಂಡಿಯಾ, ತಪಸ್ಸುಕಾಲದಲ್ಲಿ ಹಸಿವಿನ ವಿರುದ್ಧ ಕಾಣಿಕೆ ಎತ್ತುವಾಗ, ಆ ಹಸಿವಿಗೆ ಕಾರಣವಾದ ಸಾಲದ ಲೆಕ್ಕವನ್ನೂ ಜನರಿಗೆ ಸರಳ ಕನ್ನಡದಲ್ಲಿ, ಕೊಂಕಣಿಯಲ್ಲಿ ವಿವರಿಸಲಿ. ನಮ್ಮ ಸಂಸದರಿಗೆ ಪತ್ರ ಬರೆದು, ವಿಶ್ವಸಂಸ್ಥೆಯಲ್ಲಿ ದೇಶಗಳ ದಿವಾಳಿ ನಿಯಮಾವಳಿಯ ಚರ್ಚೆ ಬಂದಾಗ ಭಾರತ ಯಾವ ನಿಲುವು ತಾಳಲಿದೆ ಎಂದು ಕೇಳಲಿ. ಎರಡನೆಯದು ತಮ್ಮ ಪತ್ರಿಕೆಗೆ: ವಾಣಿಜ್ಯ ಪುಟದಲ್ಲಿ ಬಾಂಡ್ ದರ ಬರುವ ಜಾಗದ ಪಕ್ಕದಲ್ಲಿ, ಶ್ರೀಲಂಕಾ, ಜಾಂಬಿಯಾ, ಇಥಿಯೋಪಿಯಾ, ಘಾನಾ ಸಾಲಿಗರೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಯಾರು ಎಷ್ಟು ಬಿಟ್ಟುಕೊಟ್ಟರು, ಅದರಲ್ಲಿ ಭಾರತದ ಪಾಲೆಷ್ಟು ಎಂಬ ಲೆಕ್ಕವನ್ನು ತಜ್ಞರಿಂದ ಬರೆಯಿಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ
ಮಂಗಳೂರು